ಹೊಳೆಗೆ ಬೆನ್ನು ತೋರಿಸದ ಊರು

ಮತ್ತಿಗಡ್ಡೆಯ ಮಂದಿ ಹೊಳೆಗೆ ಬೆನ್ನು ತೋರಿಸುವುದಿಲ್ಲ, ದಂಡೆಯಿಂದ ಮನೆಗೆ ಹೋಗುವಾಗ ನೀರಿನ ಕಡೆ ಮುಖ ಮಾಡಿಕೊಂಡು ಹಿಂದೆ ಹಿಂದೆ ನಡೆಯುತ್ತಾರೆ, ಇದು ಏಳು ತಲೆಮಾರಿನ ಪದ್ಧತಿ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಆ ಪದ್ಧತಿ ಹುಟ್ಟಿದ ದಿನ ನಾನು ಅಲ್ಲೇ ಇದ್ದೆ. ನನ್ನ ಕಂಕುಳಲ್ಲಿ ಕೋಳಿಯ ಬುಟ್ಟಿ ಇತ್ತು. ಅದು ಹುಟ್ಟಿದ್ದು ಭಕ್ತಿಯಿಂದಲ್ಲ, ಒಂದು ಹರಿದ ಧೋತರದಿಂದ. ಏಳು ತಲೆಮಾರು ಎಂದು ಎದೆ ತಟ್ಟಿಕೊಂಡು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಒಂದು ಸಲ ಹೇಳಿಬಿಡುತ್ತೇನೆ: ಮನ್ಸೂರ. ಇನ್ನು ಮುಂದೆ ‘ನಮ್ಮವರು’ ಎಂದರೆ ಅವರೇ ಎಂದು ತಿಳಿಯಿರಿ.

ಅದು ಯುದ್ಧದ ಕಾಲ, ನಲವತ್ತನಾಲ್ಕನೇ ಇಸವಿ. ಹಳಿಯಾಳದ ಪೇಟೆಯಲ್ಲಿ ನಮ್ಮವರದು ಟೇಲರ್ ಅಂಗಡಿ. ಒಂದು ಕಟ್ಟೆ, ಒಂದು ಕೈಮಷೀನು, ಒಂದು ಕತ್ತರಿ. ಬಟ್ಟೆಗೆ ಸರಕಾರದ ಕಂಟ್ರೋಲ್ ಬಂದ ಮೇಲೆ ಕತ್ತರಿಸುವುದಕ್ಕೆ ಏನೂ ಉಳಿಯಲಿಲ್ಲ. ನಮ್ಮವರು ದಿನವೂ ಅಂಗಡಿ ತೆರೆದು, ಮಷೀನಿಗೆ ಎಣ್ಣೆ ಬಿಟ್ಟು, ಬರಿದೇ ಚಕ್ರ ತಿರುಗಿಸಿ, ಸಂಜೆ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ನಾವಿದ್ದದ್ದು ಅವರ ಅಣ್ಣನ ಮನೆಯಲ್ಲಿ. ಅಣ್ಣನ ಹೆಂಡತಿ ಹಾಜಿರಾಬಿಯ ನಾಲಿಗೆಗೆ ಮಾತ್ರ ಯಾವ ಕಂಟ್ರೋಲೂ ಇರಲಿಲ್ಲ.

ಒಂದು ದಿನ ಬಂದ ನೆಂಟರ ಮುಂದೆ ಆಕೆ, “ಬಟ್ಟಿ ಇಲ್ಲದ ಟೇಲರಾ ಅಂದ್ರ ಹಿಟ್ಟಿಲ್ಲದ ಗಿರಣಿ. ಬರೇ ಸಪ್ಪಳಾ” ಅಂದಳು.

ನಾನು ಸೌಟು ಕೆಳಗಿಟ್ಟೆ. “ಈ ಹೊಸ್ತಿಲಾ ಮತ್ತ ತುಳದ್ರ ನನ್ನ ಹೆಸರ ಬೀಬಿಜಾನ ಅಲ್ಲ.”

“ಹೋಗ್ರಿ, ಹೋಗ್ರಿ. ಮಳಿಗಾಲ ಹಿಡಿಯೂದ್ರಾಗ ತಿರಗಿ ಬರ್ತೀರಿ. ನಿಮ್ಮ ಸಲುವಾಗಿ ಒಲಿ ಹಚ್ಚೇ ಇಟ್ಟಿರ್ತೇನಿ.”

ಇದೆಲ್ಲ ನಡೆದದ್ದು ನಮ್ಮ ಮನೆಯ ಉರ್ದುವಿನಲ್ಲಿ. ಬೈಗುಳ ಬಿಟ್ಟು ಉಳಿದದ್ದನ್ನು ಮಾತ್ರ ಕನ್ನಡಕ್ಕೆ ತಂದಿದ್ದೇನೆ.

ಆಣೆ ಹಾಕುವುದು ಸುಲಭ, ಹೋಗುವುದು ಎಲ್ಲಿಗೆ? ಆಗ ಸಿಕ್ಕವನು ಚನಬಸಪ್ಪ, ವಾರದ ಸಂತೆಗೆ ಗೆಣಸು ಮಾರಲು ಬರುವವನು. ಅವನ ಊರು ದಾಂಡೇಲಿಯಿಂದ ಮೇಲಕ್ಕೆ ಕಾಳಿ ಹೊಳೆಯ ನಡುವೆ ಇರುವ ಮತ್ತಿಗಡ್ಡೆ. ಎಂಟೇ ಮನೆ. “ನಮ್ಮಲ್ಲಿ ಬರ್ರಿ ಮಾಸ್ತರ,” ಅಂದ ನಮ್ಮವರಿಗೆ. “ಒಬ್ಬರ ಮೈಮ್ಯಾಲೂ ಹರೀಲಾರದ ಅರಿವಿ ಇಲ್ಲ. ಹೊಸಾದು ಹೊಲ್ಯಾಕ ಬಟ್ಟಿ ಬೇಕು, ಹರಕ ಹೊಲ್ಯಾಕ ದಾರ ಸಾಕು. ಖಾಲಿ ಗುಡಿಸಲಾನೂ ಒಂದು ಐತಿ. ಆದ್ರ ದೋಣಿ ಕವಚೂ ದಿನಾ ಶೇಖಪ್ಪಕಾಕಾ ಹೂಂ ಅನ್ನಬೇಕು, ಅಷ್ಟ.”

ದೋಣಿ ಕವುಚುವ ದಿನ ಎಂದರೆ ಏನೆಂದು ಹೇಳುತ್ತೇನೆ, ಯಾಕೆಂದರೆ ನಮ್ಮ ಹಣೆಬರಹ ನಿಂತದ್ದು ಅದರ ಮೇಲೆ. ಮೃಗಶಿರಾ ಮಳೆ ಹಿಡಿದು ಕಾಳಿ ಕೆಂಪಾದಳೆಂದರೆ ನಾಲ್ಕು ತಿಂಗಳು ಆ ಊರಿಗೆ ಬರುವಂತಿಲ್ಲ, ಹೋಗುವಂತಿಲ್ಲ. ಅವತ್ತು ದೋಣಿ ಕಡೆಯ ಸಲ ದಾಟಿ ಬರುತ್ತದೆ. ಆಮೇಲೆ ಅದನ್ನು ದಂಡೆಗೆ ಎಳೆದು ಕವುಚಿ ಹಾಕುತ್ತಾರೆ. ಕವುಚುವಾಗ ಊರಲ್ಲಿ ಉಳಿಯುವ ಪ್ರತಿ ಮನೆಯವರ ಕೈ ದೋಣಿಗೆ ತಾಗಬೇಕು. ಅಂಬಿಗ ಶೇಖಪ್ಪ ಊರಿಗೆ ಹಿರಿಯ. ಅವನು ‘ಕೈ ಹಚ್ಚು’ ಎಂದವರು ಉಳಿದರು, ಅನ್ನದವರು ಗಂಟು ಕಟ್ಟಿಕೊಂಡು ಆಚೆ ದಂಡೆಗೆ ಹೋದರು. ಅದರಲ್ಲಿ ಕೆಟ್ಟತನ ಏನಿಲ್ಲ. ನಾಲ್ಕು ತಿಂಗಳು ಎಂಟು ಮನೆಗೆ ಅದೇ ಅಕ್ಕಿ, ಅದೇ ಉಪ್ಪು, ಅದೇ ಚಿಮಣಿ ಎಣ್ಣೆ. ನಡುವೆ ಒಬ್ಬ ಜಗಳಗಂಟ ಸಿಕ್ಕಿಕೊಂಡರೆ ಓಡಿಹೋಗಲು ಜಾಗವಿಲ್ಲ.

ವೈಶಾಖದ ಒಂದು ಮಧ್ಯಾಹ್ನ ಕಾಳಿಯ ದಂಡೆಯಲ್ಲಿ ಗಾಡಿ ಇಳಿದೆವು. ಮತ್ತಿಮರಕ್ಕೆ ಒಂದು ರೈಲು ಹಳಿಯ ತುಂಡು ಕಟ್ಟಿದ್ದರು. ದೋಣಿ ಬೇಕಾದವರು ಕೂಗುವಂತಿಲ್ಲ, ಕಲ್ಲಿನಿಂದ ಅದಕ್ಕೆ ಮೂರು ಸಲ ಬಡಿಯಬೇಕು ಎಂದು ಚನಬಸಪ್ಪ ಹೇಳಿದ್ದ. ನಮ್ಮವರು ಬಡಿದರು. ಆಚೆಯಿಂದ ಶೇಖಪ್ಪ ಬಂದ. ಅರವತ್ತರ ಮೇಲಿನ ವಯಸ್ಸು, ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಎರಡು ಮಾತು ಬೇಕಾದಲ್ಲಿ ಒಂದೇ ಮಾತು. ಉಟ್ಟ ಧೋತರ ಹಳೆಯದು, ಆದರೆ ಕಚ್ಚೆ ಎಷ್ಟು ಒಪ್ಪವಾಗಿತ್ತೆಂದರೆ ಯಾವುದೋ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ಹೆಂಡತಿ ತೀರಿ ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಗಡ್ಡೆಯ ದಂಡೆ ಮುಟ್ಟಿದಾಗ ಮಷೀನು ತಲೆಯ ಮೇಲೆ ಹೊರಲು ಸಿಂಬಿ ಬೇಕಾಯಿತು. ಶೇಖಪ್ಪ ತನ್ನ ಹೆಗಲ ಮೇಲಿನ ಟವೆಲ್ ಕೊಟ್ಟ. ನಮ್ಮವರು ತಲೆ ಬಗ್ಗಿಸಿ ಕುಕ್ಕರಗಾಲಲ್ಲಿ ಕೂತು ಅದನ್ನು ಸುತ್ತುತ್ತಿದ್ದರು. ಶೇಖಪ್ಪ ಹಗ್ಗ ಕಟ್ಟಲೆಂದು ಮಷೀನನ್ನು ದಾಟಿದ. ಅದರ ಹಿಡಿಕೆಗೆ ಹಿಂದಿನ ಕಚ್ಚೆ ಸಿಕ್ಕಿತು. ಪರ್ರ್ ಎಂದು ಸೊಂಟದಿಂದ ಮೊಣಕಾಲಿನವರೆಗೆ ಹರಿಯಿತು. ಒಂದು ಗೇಣು ಬಟ್ಟೆ ಹಿಡಿಕೆಯಲ್ಲೇ ಉಳಿಯಿತು.

ನಾನು ಕಣ್ಣಾರೆ ಕಂಡೆ. ಕಂಡವಳೇ ಕೋಳಿಯ ಬುಟ್ಟಿಯ ಮೇಲೆ ಬಗ್ಗಿ ಕಾಣದವಳ ಹಾಗೆ ಕೂತೆ. ಆ ಚೂರನ್ನು ಹಿಡಿಕೆಯಿಂದ ಬಿಡಿಸಿ ಮೆಲ್ಲಗೆ ನೀರಿಗೆ ಬಿಟ್ಟೆ. ಶೇಖಪ್ಪನ ಕೈ ಟವೆಲ್ಲಿಗೆಂದು ಹೆಗಲಿಗೆ ಹೋಯಿತು. ಟವೆಲ್ ನಮ್ಮವರ ತಲೆಯ ಮೇಲೆ ಸಿಂಬಿಯಾಗಿತ್ತು, ಅದರ ಮೇಲೆ ಆಗಲೇ ಮಷೀನು ಏರುತ್ತಿತ್ತು. ಕೇಳುವ ಹಾಗೂ ಇಲ್ಲ. ಅವನು ನಮ್ಮ ಕಡೆಗೇ ಮುಖ ಮಾಡಿಕೊಂಡು ದೋಣಿ ಇಳಿದ. ನಮ್ಮ ಕಡೆಗೇ ಮುಖ ಮಾಡಿಕೊಂಡು, ಹಿಂದೆ ಹಿಂದೆ ಕಾಲಿಡುತ್ತ, ದಿಬ್ಬ ಹತ್ತತೊಡಗಿದ. ಬಿಸಿಲ ಹೊತ್ತು, ಮೇಲೆ ಒಂದು ನಾಯಿಯೂ ಇರಲಿಲ್ಲ. ಅವನ ಮನೆ ದಿಬ್ಬದ ಮೇಲಿನ ಮೊದಲ ಮನೆ.

ನಮ್ಮವರು ಮಷೀನು ಹೊತ್ತು ಒಂದು ಕ್ಷಣ ನೋಡಿದರು. ಆಮೇಲೆ ಹೊಳೆಯ ಕಡೆ ತಿರುಗಿ, ಅವರೂ ಹಿಂದೆ ಹಿಂದೆ ಹತ್ತತೊಡಗಿದರು.

ನಾನು ಬಾಯಿ ತೆರೆದೆ. ಅವರು ಮೆಲ್ಲಗೆ, “ಏನೂ ಕೇಳಬ್ಯಾಡ. ಅವರು ಹೆಂಗ ಹೊಂಟಾರ ಹಂಗ ಹೋಗೂಣು” ಅಂದರು.

ನನ್ನ ಕಣ್ಣಲ್ಲಿ ನೀರು ಬಂತು. ಟೇಲರ್ ಆದವನಿಗೆ ಹರಿದ ಬಟ್ಟೆ ಕಾಣದೆ ಇರುತ್ತದೆಯೇ? ಕಂಡಿದ್ದಾರೆ, ಮುದುಕನ ಮಾನ ಒಬ್ಬನದೇ ಹೋಗಬಾರದೆಂದು ತಾವೂ ಹಾಗೇ ನಡೆಯುತ್ತಿದ್ದಾರೆ ಎಂದುಕೊಂಡೆ. ಮದುವೆಯಾಗಿ ಆರು ವರ್ಷವಾಗಿತ್ತು. ನಮ್ಮವರು ಒಳ್ಳೆಯವರು, ಆದರೆ ಮಂಕು ಎಂದೇ ನಾನು ತಿಳಿದಿದ್ದೆ. ಇಂಥ ಮನಸ್ಸು ಒಳಗೆ ಇತ್ತೆಂದು ಗೊತ್ತಿರಲಿಲ್ಲ. ತಲೆ ಬಗ್ಗಿಸಿ ಸಿಂಬಿ ಸುತ್ತುತ್ತಿದ್ದವರಿಗೆ ಕಂಡದ್ದಾದರೂ ಹೇಗೆ ಎಂದು ನಾನು ಯೋಚಿಸಲಿಲ್ಲ. ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನಾನೂ ಹಿಂದೆ ಹಿಂದೆ ಹತ್ತಿದೆ.

ಶೇಖಪ್ಪ ಹಿಮ್ಮಡಿಯಿಂದ ಬಾಗಿಲು ನೂಕಿ ಒಳಗೆ ಹೋಗಿ ಅಗಳಿ ಹಾಕಿಕೊಂಡ. ನಮ್ಮ ಗುಡಿಸಲು ಆಚೆ ತುದಿಗೆ. ನಾನು ತಿರುಗಿ ನಡೆಯಬೇಕೆಂದರೆ ನಮ್ಮವರು ತಿರುಗಲೇ ಇಲ್ಲ. ಸದ್ದಿಗೆ ಕಾಶೆವ್ವ ಹೊರಗೆ ಬಂದಳು, ನಮ್ಮ ಪಕ್ಕದ ಮನೆಯಾಕೆ, ಊರಿನ ಸುದ್ದಿಗೆಲ್ಲ ಆಕೆಯೇ ಪತ್ರಿಕೆ. ಆಕೆ ಕಂಡದ್ದು ಇಷ್ಟೇ: ಹೊಸದಾಗಿ ಬಂದ ಗಂಡ ಹೆಂಡತಿ, ಅವನ ತಲೆಯ ಮೇಲೆ ಮಷೀನು, ಆಕೆಯ ಕೈಯಲ್ಲಿ ಕೋಳಿ, ಇಬ್ಬರೂ ಹೊಳೆಗೆ ಮುಖ ಮಾಡಿ ಹಿಂದೆ ಹಿಂದೆ ಊರು ಹೊಕ್ಕರು.

ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೆಯೇ? ಮರುದಿನ ಬೆಳಿಗ್ಗೆ ಹೊಳೆಯ ಘಟ್ಟದಲ್ಲಿ ಕೊಡ ತುಂಬುವಾಗ ಕಾಶೆವ್ವ ನನ್ನನ್ನು ಹಿಡಿದಳು. “ಬೀಬವ್ವಾ, ನಿನ್ನೆ ಹಂಗ ಯಾಕ ನಡದ್ರಿ? ನಿಮ್ಮ ಮಂದಿ ಪದ್ಧತಿ ಏನು?”

ಮುದುಕನ ಹರಕು ಧೋತರದ ಮಾತು ನಾನು ಹೇಗೆ ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. “ಹೌದ್ರಿ ಅಕ್ಕಾ. ದಾಟಿಸಿದ ಹೊಳಿಗೆ ಬೆನ್ನ ತೋರಸಬಾರದು ಅಂತಾರ.”

ಕಾಶೆವ್ವ ಕೊಡ ಇಟ್ಟುಬಿಟ್ಟಳು. “ಯವ್ವಾ! ನಾವು ಹುಟ್ಟಿದಾಗಿಂದ ಆಕಿ ನೀರ ಕುಡದೇವಿ, ದಿನಾ ಆಕೀಗೆ ಬೆನ್ನ ತೋರಿಸೇವಿ. ನಿನ್ನೆ ಬಂದವರಿಗೆ ತಿಳೀತು, ನಮಗ ತಿಳೀಲಿಲ್ಲ ನೋಡು!”

ಅವತ್ತು ಆಕೆ ಕೊಡ ಹೊತ್ತು ಹಿಂದೆ ಹಿಂದೆ ನಡೆದು ಕರುವಿನ ಗೂಟಕ್ಕೆ ಎಡವಿ ನೀರನ್ನೆಲ್ಲ ಚೆಲ್ಲಿದಳು. ಮತ್ತೆ ಹೋಗಿ ತುಂಬಿ ಮತ್ತೆ ಹಿಂದೆ ಹಿಂದೆಯೇ ಬಂದಳು. ಎಂಟು ದಿನದಲ್ಲಿ ಶೇಖಪ್ಪನೊಬ್ಬನನ್ನು ಬಿಟ್ಟು ಏಳೂ ಮನೆಯವರು ಕಲಿತರು. ಚನಬಸಪ್ಪ ಗೆಣಸಿನ ಬುಟ್ಟಿ ಸಮೇತ ತನ್ನದೇ ತಿಪ್ಪೆಗುಂಡಿಗೆ ಬಿದ್ದ. ಎದ್ದು ಮೈ ಜಾಡಿಸಿಕೊಂಡು, “ಮೊದಮೊದಲ ಹಿಂಗ ಆಗ್ತೈತಿ” ಅಂದ. ಎದುರುಬದುರು ಬರುವವರು ಬೆನ್ನಿಗೆ ಬೆನ್ನು ಬಡಿದುಕೊಂಡು, “ಯಾರವ್ವಾ?” “ನಾನವ್ವಾ” ಎಂದು ಮಾತಾಡಿಸಿ ಮುಂದೆ, ಅಂದರೆ ಹಿಂದೆ, ಹೋಗುತ್ತಿದ್ದರು. ಒಂದು ಸುಳ್ಳು ಇಷ್ಟು ಬೇಗ ನಡೆಯಲು ಕಲಿತದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ನಮ್ಮವರಂತೂ ಊರಿನ ಪದ್ಧತಿಗಳನ್ನು ಮೈಗೆಲ್ಲ ಹಚ್ಚಿಕೊಂಡರು. ಮುಂಜಾನೆ ಚಹಾ ಬಿಟ್ಟು ಸುಟ್ಟ ಗೆಣಸು ಹಿಡಿದರು. ಮಳೆ ಹತ್ತಿರವಾದಂತೆ ಹೊಳೆಯ ಹೆಸರು ಹೇಳಬಾರದು, ‘ಆಕಿ’ ಅನ್ನಬೇಕು, ಹಾಗೇ ಅಂದರು. ಉಣ್ಣುವಾಗ ಮೊದಲ ತುತ್ತು ಹೊಳೆಯ ಮೀನಿಗೆ ಎಂದು ತೆಗೆದಿಡಬೇಕು. ಅವರು ಮೂರು ತೆಗೆದಿಟ್ಟರು, ಅದರಲ್ಲಿ ಎರಡು ನನ್ನ ತಟ್ಟೆಯದು. ಕಾಶೆವ್ವನ ಮನೆಯಲ್ಲಿ ಎಮ್ಮೆ ಈದಾಗ ಗಿಣ್ಣಕ್ಕೆ ಕರೆದರು, ನಮ್ಮ ಕೋಳಿ ಮೊಟ್ಟೆ ಇಟ್ಟಾಗ ನಾನು ಹಂಚಿದೆ. ಚನಬಸಪ್ಪನ ಅಂಗಿ, ಕಾಶೆವ್ವನ ಕೌದಿ, ಎಲ್ಲರ ಹರಕನ್ನೂ ನಮ್ಮವರು ಹೊಲಿದುಕೊಟ್ಟರು. ದಾಂಡೇಲಿಯ ಡಿಪೋದಲ್ಲಿ ಕಟ್ಟಿಗೆ ಹೊರುವ ಗಂಡಸರು ವಾರಕ್ಕೊಮ್ಮೆ ಊರಿಗೆ ಬಂದರೆ ಮೊದಲು ನಮ್ಮ ಕಟ್ಟೆಗೇ ಬರುತ್ತಿದ್ದರು. ಏಳು ಮನೆ ನಮ್ಮವಾದವು. ಉಳಿದದ್ದು ಎಂಟನೆಯದು.

ಶೇಖಪ್ಪ ಆ ದಿನದಿಂದ ಕಂಬಳಿ ಉಟ್ಟುಕೊಂಡು ಕೂತಿದ್ದ. ವೈಶಾಖದ ಬಿಸಿಲು, ಹಂಚು ಕಾದು ಸಿಡಿಯುವಂಥ ಸೆಕೆ, ಆ ಮನುಷ್ಯ ಸೊಂಟಕ್ಕೆ ಕರಿ ಕಂಬಳಿ ಸುತ್ತಿಕೊಂಡು ಬೆವರು ಇಳಿಸುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದ. ದೋಣಿಯನ್ನೂ ಕಂಬಳಿಯಲ್ಲೇ ನಡೆಸುತ್ತಿದ್ದ. ಚಳಿಜ್ವರ ಎಂದುಕೊಂಡು ಕಾಶೆವ್ವ ಕಷಾಯ ಕೊಟ್ಟಳು. ಇಲ್ಲವೆಂದರೆ ಯಾಕೆ ಕಂಬಳಿ ಎಂದು ಕೇಳುತ್ತಾರೆಂದು ಅವನು ಮೂರು ಹೊತ್ತೂ ಮುಖ ಕಿವುಚಿ ಅದನ್ನು ಕುಡಿದ. ನನಗೆ ಮಾತ್ರ ಕಾರಣ ಗೊತ್ತಿತ್ತು. ಆ ಮನುಷ್ಯನಿಗೆ ಇದ್ದದ್ದು ಒಂದೇ ಧೋತರ.

ಕಟ್ಟೆಯ ಮೇಲೆ ಕೂತು ಅವನು ನೋಡುತ್ತಿದ್ದ. ಮೊದಲ ದಿನ ನಾವಿಬ್ಬರು ಅವನ ಕಣ್ಣೆದುರೇ ಹಿಂದೆ ಹಿಂದೆ ನಡೆದೆವು. ಆಮೇಲೆ ಕಾಶೆವ್ವ. ಆಮೇಲೆ ಚನಬಸಪ್ಪ. ಆಮೇಲೆ ಊರಿಗೆ ಊರೇ. ನೋಡಿದ ಹಾಗೆಲ್ಲ ಅವನ ಮೀಸೆ ಗಟ್ಟಿಯಾಗುತ್ತ ಹೋಯಿತು. ನಮ್ಮವರು ಸಲಾಮು ಹೇಳಿದರೆ ಮುಖ ತಿರುಗಿಸುತ್ತಿದ್ದ. ದಾರ ತರಲು ದಾಂಡೇಲಿಗೆ ಹೋಗಬೇಕೆಂದು ನಮ್ಮವರು ಘಟ್ಟಕ್ಕೆ ಓಡಿ ಬಂದರೆ ಕಂಡ ಕೂಡಲೇ ಅವರನ್ನು ಬಿಟ್ಟು ದೋಣಿ ನೂಕಿದ.

“ಎಲ್ಲಾ ಪದ್ಧತಿ ಹಿಡದೇನಿ, ಆದ್ರೂ ಕಾಕಾಗ ಯಾಕ ಸಿಟ್ಟು?” ಎಂದು ನಮ್ಮವರು ಕೊರಗಿದರು. ಕೊರಗಿ ಏನು ಮಾಡಿದರು ಗೊತ್ತೇ? ಶೇಖಪ್ಪನ ಮನೆಯ ಮುಂದೆ ಬಂದಾಗ ಇನ್ನೂ ನಿಧಾನವಾಗಿ, ಇನ್ನೂ ಒಪ್ಪವಾಗಿ, ನಡು ಬಗ್ಗಿಸಿ ಹಿಂದೆ ಹಿಂದೆ ನಡೆದರು. ಇದು ಸ್ವಲ್ಪ ಅತಿಯಾಯಿತೆಂದು ನನಗೂ ಅನ್ನಿಸಿತು. ಆದರೆ ಮುದುಕ ತಾನಾಗಿ ಧೋತರ ತಂದು ಕೊಡಲಿ ಎಂದು ದಾರಿ ಕಾಯುತ್ತಿದ್ದಾರೆ, ಬಾಯಿಬಿಟ್ಟು ಕೇಳಿ ಅವನ ಮುಖ ತಗ್ಗಿಸಬಾರದೆಂದು ಅವರ ವಿಚಾರ ಎಂದು ತಿಳಿದು ಸುಮ್ಮನಾದೆ. ಆ ಒಂದು ತಿಂಗಳು ನಾನು ಗಂಡನಿಗೆ ಒಂದು ಗಡಸು ಮಾತು ಆಡಲಿಲ್ಲ. ಅವರಿಗೆ ನನ್ನ ಆರೋಗ್ಯದ ಬಗ್ಗೆಯೇ ಅನುಮಾನ ಬಂದಿತ್ತು.

ಮೃಗಶಿರಾ ಹಿಡಿಯಿತು. ಮೂರು ದಿನ ಬಿಟ್ಟೂಬಿಡದೆ ಸುರಿದು ನಾಲ್ಕನೆಯ ದಿನ ಬೆಳಿಗ್ಗೆ ಹೊಳವಾಯಿತು. ಹೊಳೆ ಕೆಂಪಾಗಿತ್ತು, ಬೇರುಸಹಿತ ಮರ ತೇಲಿಬರುತ್ತಿತ್ತು. ಎಂಟು ಮನೆಯವರೂ ಘಟ್ಟದಲ್ಲಿ ಸೇರಿದರು. ಶೇಖಪ್ಪ ಒದ್ದೆ ಕಂಬಳಿಯಲ್ಲಿ ದೋಣಿಯ ಪಕ್ಕ ನಿಂತಿದ್ದ. ಒಂದೊಂದೇ ಮನೆಯ ಹೆಸರು ಹೇಳಿ ‘ಕೈ ಹಚ್ಚು’ ಅಂದ. ಏಳು ಮನೆ ಮುಗಿಯಿತು. ನಮ್ಮವರು ಕೈ ಒರೆಸಿಕೊಂಡು ಮುಂದೆ ಬಂದರು.

“ನೀವು ಗಂಟ ಕಟ್ಟರಿ,” ಅಂದ ಶೇಖಪ್ಪ. “ಕಡೀ ಸಾರಿ ಐತಿ. ಆಚಿ ದಂಡಿಗೆ ಬಿಟ್ಟ ಬರ್ತೇನಿ.”

ನನ್ನ ಕಣ್ಣ ಮುಂದೆ ಹಾಜಿರಾಬಿಯ ಒಲೆ ಧಗಧಗ ಉರಿಯಿತು.

ಕಾಶೆವ್ವ ಮುಂದೆ ನುಗ್ಗಿದಳು. “ಯಾಕ ಕಾಕಾ? ಏನ್ ತಪ್ಪ ಮಾಡ್ಯಾರ ಅವರು? ಹೊಳಿಗೆ ಬೆನ್ನ ತೋರಸಬಾರದು ಅಂತ ನಮಗ ಕಲಿಸಿದವರ ಅವರು.”

“ಕಲಿಸ್ಯಾರ!” ಅಂದ ಶೇಖಪ್ಪ. ಒಂದು ತಿಂಗಳಿನ ಮಾತು ಒಟ್ಟಿಗೇ ಹೊರಬಂತು. “ಊರಿಗೆ ಊರನ್ನ ಕಲಿಸ್ಯಾರ, ನನ್ನ ಅಣಕಸೂದನ್ನ! ನನ್ನ ಧೋತರ ಹಿಂದ ಹರದಿತ್ತಂತ ನಾ ಹಿಂದ ಹಿಂದ ನಡದೆ. ಅದನ್ನ ಕಂಡು ಆಟಾ ಕಟ್ಯಾರ. ದಿನಾ ನನ್ನ ಕಟ್ಟಿ ಮುಂದ ಬಂದು ನಡಾ ಬಗ್ಗಿಸಿ ತೋರಸ್ತಾರ. ನೀವೂ ಎಲ್ಲಾರೂ ಕೂಡೇರಿ. ನಾನೂ ಮನಷ್ಯಾ ಅದೇನಿ.”

ಚನಬಸಪ್ಪ ಮೆಲ್ಲಗೆ, “ಯಾವ ಧೋತರ, ಕಾಕಾ?” ಅಂದ.

ಕಾಶೆವ್ವನೂ ಕೇಳಿದಳು. “ಯಾವಾಗ ಹರೀತು?”

ಶೇಖಪ್ಪ ಒಬ್ಬೊಬ್ಬರ ಮುಖ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವನ ಗತಿ. ಯಾರಿಗೂ ಗೊತ್ತಿಲ್ಲದ ಗುಟ್ಟನ್ನು ತಾನೇ ಊರ ಮುಂದೆ ಹರಡಿದ್ದ. ಅವನ ಮುಖ ಹೊಳೆಯಷ್ಟೇ ಕೆಂಪಾಯಿತು.

ನಾನು ಹೆಮ್ಮೆಯಿಂದ ನಮ್ಮವರ ಕಡೆ ತಿರುಗಿದೆ. ಈಗ ಹೇಳುತ್ತಾರೆ, ಮುದುಕನ ಮಾನ ಕಾಯಲು ತಾವು ಮಾಡಿದ್ದನ್ನು. ನಮ್ಮವರು ಬಾಯಿ ತೆರೆದರು. “ಯಾವ ಧೋತರ್ರೀ, ಕಾಕಾ?” ಅಂದರು.

ನಾನು ಅವರ ತೋಳು ಹಿಡಿದೆ. “ನೀವು ನೋಡಿದ್ದಿಲ್ಲೇನು?”

“ಏನನ್ನ?”

“ಹರದದ್ದನ್ನ! ದೋಣ್ಯಾಗ! ನಮ್ಮ ಮಷೀನಿಗೆ ಸಿಕ್ಕು!”

“ಇಲ್ಲ,” ಅಂದರು ನಮ್ಮವರು. “ಕಾಕಾ ಹಿಂದ ಹಿಂದ ಹೊಂಟಿದ್ರು. ಇದು ಈ ಊರ ಪದ್ಧತಿ ಇರಬೇಕು, ನಾವೂ ಹಂಗ ಮಾಡಬೇಕು ಅಂತ ನಾ ಮಾಡಿದೆ.”

ಕಾಶೆವ್ವ ಕೈ ಕೈ ಹೊಡೆದಳು. “ನಾವು ನಿಮ್ಮ ಪದ್ಧತಿ ಅಂತ ಮಾಡಿದ್ವಲ್ಲೋ, ಮಾಸ್ತರಾ!”

ಮೊದಲು ನಕ್ಕವನು ಚನಬಸಪ್ಪ. ತಿಪ್ಪೆಗುಂಡಿಯಲ್ಲಿ ಬಿದ್ದವನಿಗೆ ನಗುವ ಹಕ್ಕು ಎಲ್ಲರಿಗಿಂತ ಹೆಚ್ಚು. ಆಮೇಲೆ ಘಟ್ಟವೆಲ್ಲ ನಕ್ಕಿತು. ನಗದೆ ನಿಂತವರು ಇಬ್ಬರೇ, ಶೇಖಪ್ಪ ಮತ್ತು ನಾನು. ನನಗೆ ಅಳು ಬಂದಿತ್ತು. ಒಂದು ತಿಂಗಳು ನಾನು ಮೆಚ್ಚಿಕೊಂಡು ಬಾಳಿದ ಗಂಡ ಈ ಭೂಮಿಯ ಮೇಲೆ ಇರಲೇ ಇಲ್ಲ. ಇದ್ದದ್ದು ಟೇಲರ್ ಆಗಿಯೂ ಎದುರಿಗಿನ ಹರಕು ಕಾಣದ ಮಂಕು.

ಸಿಟ್ಟಿಗೋ ದುಃಖಕ್ಕೋ ನಾನು ಶೇಖಪ್ಪನ ಮುಂದೆ ಹೋಗಿ ನಿಂತೆ. “ಕಾಕಾ, ತಪ್ಪ ನಂದು. ನಾ ಕಂಡಿದ್ದೆ. ಹರದದ್ದು ನಮ್ಮ ಮಷೀನಿನಿಂದ. ನಿಮ್ಮ ಒಬ್ಬರ ಮಾನ ಹೋಗಬಾರದು ಅಂತ ನಾನೂ ಹಿಂದ ಹಿಂದ ನಡದೆ. ಕಾಶಕ್ಕಗ ಸುಳ್ಳ ಹೇಳಿದ್ದೂ ಅದಕ್ಕ. ಧೋತರ ಕೊಡ್ರಿ. ಹೊಲದ ಕೊಟ್ಟ ಆಮ್ಯಾಲ ನಾವು ಹೋಗ್ತೇವಿ.”

ಶೇಖಪ್ಪ ಕಂಬಳಿಯ ಗಂಟು ಬಿಗಿ ಮಾಡಿಕೊಂಡ. “ಹೊಲಿಯೋರ ಮನಿ ಊರಾಗ ಇತ್ತು,” ಅಂದ. “ಆದ್ರ ಒಂದ ಧೋತರ ಐತಿ ಅಂತ ಯಾರಿಗೆ ಹೇಳ್ಲಿ, ತಂಗಿ? ನಮ್ಮಾಕಿ ಇದ್ದಾಗ ಎರಡ ಇದ್ದೂವು.” ಆಮೇಲೆ ದಿಬ್ಬ ಹತ್ತಿ ಹೋಗಿ, ಮಡಿಸಿಟ್ಟ ಧೋತರ ತಂದು ನಮ್ಮವರ ಕೈಗೆ ಕೊಟ್ಟ.

ನಮ್ಮವರು ಅದನ್ನು ಬಿಡಿಸಿ ನೋಡಿದರು. ಹರಕು ನೋಡಿದ ಮೇಲೆ ಆ ಮನುಷ್ಯ ಬೇರೆಯೇ ಆಗುತ್ತಾರೆ. ಮಂಕು ಹೋಗಿ ಕಣ್ಣು ಸೂಜಿಯಾಗುತ್ತದೆ. “ಒಂದ ಗೇಣ ಬಟ್ಟಿ ಕಡಿಮಿ ಐತಿ,” ಅಂದರು. ಆ ಗೇಣು ಬಟ್ಟೆಯನ್ನು ಹೊಳೆಗೆ ಬಿಟ್ಟವಳು ನಾನೇ. ಕಂಟ್ರೋಲಿನ ಕಾಲ, ಇಡೀ ಗಡ್ಡೆಯಲ್ಲಿ ತೇಪೆಗೆ ಆಗುವ ಬಿಳಿ ಬಟ್ಟೆ ಇರಲಿಲ್ಲ. “ನೋಡ್ತೇನಿ,” ಎಂದು ಅವರು ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮಷೀನಿನ ಸಪ್ಪಳ ಘಟ್ಟಕ್ಕೆ ಕೇಳಿತು. ನಾನು ಪಾತ್ರೆ ಪಡಗ ಗಂಟು ಕಟ್ಟಲು ಹೋಗಲಿಲ್ಲ, ದೋಣಿಯನ್ನೇ ನೋಡುತ್ತ ನಿಂತಿದ್ದೆ.

ನಮ್ಮವರು ಧೋತರ ತಂದು ಕೊಟ್ಟರು. ಶೇಖಪ್ಪ ಮನೆಗೆ ಹೋಗಿ, ಕಂಬಳಿ ಬಿಚ್ಚಿ, ಕಚ್ಚೆ ಹಾಕಿಕೊಂಡು ಬಂದ. ನೆಟ್ಟಗಿನ ಬೆನ್ನು, ಒಪ್ಪದ ಕಚ್ಚೆ, ಮೊದಲ ದಿನದ ಶೇಖಪ್ಪ. ತೇಪೆ ಎಲ್ಲಿದೆ ಎಂದು ಹುಡುಕಿದರೂ ಕಾಣುತ್ತಿರಲಿಲ್ಲ. ಅವನು ದೋಣಿಯ ಅಂಚು ಹಿಡಿದ. ನಮ್ಮ ಕಡೆ ನೋಡದೆಯೇ, ಕೆಮ್ಮಿ, “ಮಾಸ್ತರ, ಕೈ ಹಚ್ಚರಿ” ಅಂದ.

ನಮ್ಮವರು ನೀರಿನ ಕಡೆಗೆ, ಕಾಲು ಜಾರುವ ಕೆಸರಿನಲ್ಲಿ ಹೋಗಿ ನಿಂತರು. ಹೊಳೆ ಬಂದಾಗ ಆ ಕಡೆ ನಿಲ್ಲಲು ಊರವರೇ ಹಿಂದೆ ಮುಂದೆ ನೋಡುತ್ತಾರೆ. “ಗಟ್ಟಿ ಅದಾನ ಬಿಡು ಮಾಸ್ತರ,” ಎಂದು ಚನಬಸಪ್ಪ ಮೆಚ್ಚಿಕೊಂಡ. ನಾನೂ ಕೈ ಹಚ್ಚಿದೆ. ಒದ್ದೆ ಮರ ತಣ್ಣಗಿತ್ತು. ಎಲ್ಲರೂ ಕೂಗಿ ಎತ್ತಿ ದೋಣಿಯನ್ನು ಮೇಲಕ್ಕೆಳೆದು ಕವುಚಿದೆವು. ಅದು ಮಗುಚಿ ಬಿದ್ದ ಸದ್ದಿಗೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹಾಜಿರಾಬಿಯ ಒಲೆ ಅದರ ಪಾಡಿಗೆ ಅದು ಉರಿಯಲಿ.

ಮಳೆ ಮತ್ತೆ ಹನಿಯತೊಡಗಿತು. ಮಂದಿ ಮನೆಯ ಕಡೆ ತಿರುಗಿ ಮುಂದೆ ಮುಂದೆ ನಡೆದರು, ತಿಂಗಳಾದ ಮೇಲೆ ಮೊದಲ ಸಲ. ನಮ್ಮವರು ಮಾತ್ರ ಮಂದಿಗಿಂತ ಮೊದಲೇ ಹೊರಟು, ಹೊಳೆಗೆ ಮುಖ ಮಾಡಿ ಹಿಂದೆ ಹಿಂದೆ ಹತ್ತುತ್ತಿದ್ದರು.

“ಇನ್ನ ಯಾಕೋ ಮಾಸ್ತರಾ?” ಎಂದು ಕಾಶೆವ್ವ ನಕ್ಕಳು. “ಗುಟ್ಟ ರಟ್ಟ ಆತಲ್ಲ?”

“ರೂಢಿ ಬಿದ್ದೈತ್ರಿ ಅಕ್ಕಾ,” ಅಂದರು ನಮ್ಮವರು.

ನಾನು ಬೈಯಬೇಕೆಂದು ಹತ್ತಿರ ಹೋದೆ. ಹೋದಾಗ ಅವರ ಬೆನ್ನು ಕಂಡಿತು. ಇದ್ದ ಒಂದೇ ಬಿಳಿ ಅಂಗಿಯ ಬೆನ್ನಿಗೆ ಒಂದು ಗೇಣಿನ ಕಿಟಕಿ. ಹರಿದದ್ದಲ್ಲ, ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದು. ಮಳೆಯ ಹನಿ ನೇರವಾಗಿ ಅವರ ಬೆನ್ನಿನ ಮೇಲೆ ಬೀಳುತ್ತಿತ್ತು.

ಬಾಯಿಗೆ ಬಂದ ಬೈಗುಳ ಅಲ್ಲೇ ಕರಗಿತು. ಈ ಸಲ ಅವರಿಗೆ ಯಾಕೆ ಹಿಂದೆ ಹಿಂದೆ ನಡೆಯುತ್ತಿದ್ದೇನೆಂದು ಗೊತ್ತಿತ್ತು. ನಾನು ಒಂದು ತಿಂಗಳು ಮೆಚ್ಚಿಕೊಂಡಿದ್ದ ಗಂಡ ಸ್ವಲ್ಪ ತಡವಾಗಿಯಾದರೂ ಬಂದಿದ್ದರು. ನಾನು ಸೆರಗು ಅಗಲ ಮಾಡಿ ಅವರ ಬೆನ್ನಿಗೆ ಅಂಟಿಕೊಂಡು ನಡೆದೆ.

ಮರೆ ಮಾಡುವಷ್ಟರಲ್ಲಿ ತಡವಾಗಿತ್ತು. ಎಲ್ಲರಿಗಿಂತ ಮುಂದಾಗಿ ದಿಬ್ಬ ಹತ್ತಿ ನಿಂತಿದ್ದ ಶೇಖಪ್ಪ ನೋಡಿದ್ದ. ಅವನ ಕೈ ತಾನಾಗಿ ಹಿಂದಕ್ಕೆ ಹೋಗಿ ಧೋತರದ ತೇಪೆಯನ್ನು ಮುಟ್ಟಿ ನೋಡಿತು. ಹತ್ತಿದ ದಿಬ್ಬವನ್ನು ಮತ್ತೆ ಇಳಿದು ನಮ್ಮವರ ಪಕ್ಕಕ್ಕೆ ಬಂದು, ಹೊಳೆಯ ಕಡೆ ಮುಖ ತಿರುಗಿಸಿ, ಅವನೂ ಹಿಂದೆ ಹಿಂದೆ ನಡೆಯತೊಡಗಿದ. ಕೆಳಗಿದ್ದ ಕಾಶೆವ್ವ ಅದನ್ನು ಕಂಡು ನಿಂತಳು, ನಗು ನಿಲ್ಲಿಸಿ ಹೊಳೆಯ ಕಡೆ ತಿರುಗಿದಳು. ಚನಬಸಪ್ಪ ತಿಪ್ಪೆಗುಂಡಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡು ತಾನೂ ತಿರುಗಿದ.